ತೊಳೆಯದ ಎಡಗೈ

"ಕೈ ತೊಳಕೊಂಡಿಯೇನು?" ಶರೀಫಾಬೀ ಸಿಸ್ಟರ್ ವಾರ್ಡಿನ ಬಾಗಿಲಲ್ಲೇ ತಡೆದು ಕೇಳಿದರು.

"ಹೌದ್ರಿ ಸಿಸ್ಟರ್."

ಮೋನಮ್ಮ ಹೇಳಿದ್ದು ಅರ್ಧ ಸುಳ್ಳು. ಬಲಗೈಗೆ ಸೋಪು ಹಚ್ಚಿ ತಿಕ್ಕಿದ್ದಳು. ಎಡಗೈಯನ್ನು ಮಾತ್ರ ಮುಷ್ಟಿ ಬಿಗಿದೇ ನೀರಿಗೆ ಹಿಡಿದಿದ್ದಳು. ಮುಷ್ಟಿಯೊಳಗೆ ಕರಿದಾರವಿತ್ತು.

ಅದು ಅವಳ ಅಜ್ಜಿ, ರಂಗಂಪೇಟೆಯ ದೇವಕಮ್ಮ ಆಯಿ ಕೊಟ್ಟ ದಾರ. ವರ್ಷದಲ್ಲಿ ಮೊದಲ ಸಲ ಕೆನಾಲಿಗೆ ನೀರು ಬಿಟ್ಟ ದಿನ ಆಯಿ ಪೂಜೆ ಮಾಡಿ, ಆ ನೀರಿನಲ್ಲಿ ದಾರ ಅದ್ದಿ ಎತ್ತಿಡುತ್ತಾಳೆ. ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲು ದಾರ, ಆಮೇಲೆ ಅಂಗಿ. "ತಮ್ಮನ ಕಾಲಿಗೆ ಕಟ್ಟಿ ಬಾ ನನ್ನವ್ವ. ಯಾರ ಕಣ್ಣೂ ಬೀಳಬಾರ್ದು," ಎಂದು ಬೆಳಿಗ್ಗೆ ಮೊಮ್ಮಗಳ ಕೈಗೆ ತುರುಕಿದ್ದಳು.

ಎಳೆಗೂಸುಗಳ ಆ ವಾರ್ಡಿಗೆ ಹೊರಗಿನ ಮಕ್ಕಳನ್ನು ಬಿಡುವುದೇ ಇಲ್ಲ. ಎರಡು ದಿನ ಬಾಗಿಲ ಬಳಿ ಅಳುತ್ತ ಕೂತವಳನ್ನು ನೋಡಿ ಸಿಸ್ಟರಿಗೆ ಕರುಳು ಚುರ್ ಎಂದಿತ್ತು. "ಒಂದ ನಿಮಿಷ. ನೋಡಬೇಕು, ಮುಟ್ಟಬಾರ್ದು. ತಿಳೀತಿಲ್ಲೋ ಬೇಟಾ?"

ಗಾಜಿನ ಪೆಟ್ಟಿಗೆಯೊಳಗೆ ತಮ್ಮ ಮಲಗಿದ್ದ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಸಿಸ್ಟರ್ ಅತ್ತ ತಿರುಗಿದ್ದೇ ತಡ, ಮೋನಮ್ಮ ಪೆಟ್ಟಿಗೆಯ ಕಿಂಡಿಗಳಲ್ಲಿ ಎರಡೂ ಕೈ ತೂರಿಸಿ ದಾರ ಕಟ್ಟಿಬಿಟ್ಟಳು. ಪುಟ್ಟ ಕಾಲು ಬೆಚ್ಚಗಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಓಡಿ ಹೋಗಿ ಆಯಿಗೆ ಹೇಳಿದಳು.

ಸಂಜೆ ಸಿಸ್ಟರ್ ದಾರ ಕಂಡು ಕತ್ತರಿಸಿದರು. "ಯಾರು ಕಟ್ಟಿದ್ರು?" ಎಂದು ಎಲ್ಲರನ್ನೂ ಕೇಳಿದರು. ಮೋನಮ್ಮ ಬಾಯಿ ಬಿಡಲಿಲ್ಲ.

ದಾರ ಕಟ್ಟಿದ ಮೂರನೇ ದಿನ ಕೂಸು ಹಾಲು ಬಿಟ್ಟಿತು. ಮೈ ತಣ್ಣಗಾಯಿತು. "ರಕ್ತದಾಗ ನಂಜ ಆಗ್ಯಾದ. ಉಳಸಾಕ ನೋಡಾಕತ್ತೀವಿ," ಎಂದರು ಡಾಕ್ಟರ್.

ಆಯಿ ವರಾಂಡದಲ್ಲೇ ಸಿಸ್ಟರ್ ಮೇಲೆ ಹರಿಹಾಯ್ದಳು. "ನೀ ದಾರ ಕತ್ತರಿಸಿದ್ದಕ್ಕ ಹಿಂಗಾತು! ನಮ್ಮ ಕೂಸು ನಿನಗೇನ ಮಾಡಿತ್ತು?"

ಮೋನಮ್ಮನಿಗೆ ತಡೆಯಲಾಗಲಿಲ್ಲ.

"ಆಯಿ, ಅವ್ರದೇನೂ ತಪ್ಪಿಲ್ಲ. ಈ ಕೈ ನಾ ತೊಳಕೊಂಡಿದ್ದಿಲ್ಲ." ಎಡಗೈ ಬಿಚ್ಚಿ ತೋರಿಸುವಾಗ ಅಳು ಒತ್ತರಿಸಿ ಬಂತು.

ಸಿಸ್ಟರ್ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. "ನಂಜು ಎಲ್ಲಿಂದ ಬಂತು ಅಂತ ಹೇಳಾಕ ಆಗೂದಿಲ್ಲ ಬೇಟಾ. ಸೂಜಿಲೆ ಬರ್ತದ, ಪೈಪಿಲೆ ಬರ್ತದ, ನಮ್ಮ ಕೈಯಿಂದಾನೂ ಬರ್ತದ. ಇಷ್ಟು ಸಣ್ಣ ಕೂಸಿಗೆ ತಡಕೊಳ್ಳೋ ತಾಕತ್ ಇರೂದಿಲ್ಲ. ಆದ್ರ ಅವತ್ತ ನೀ ಹೇಳಬೇಕಿತ್ತು. ನಾನೂ ನಿನ್ನ ಒಳಗ ಬಿಡಬಾರ್ದಿತ್ತು."

ಆಯಿ ತನ್ನ ಎರಡೂ ಅಂಗೈ ನೋಡುತ್ತ ಬೆಂಚಿನ ಮೇಲೆ ಕೂತುಬಿಟ್ಟಳು.

ಇಪ್ಪತ್ತು ದಿನ ಔಷಧಿ ಹನಿಹನಿಯಾಗಿ ಇಳಿಯಿತು. ಕೂಸು ಉಳಿಯಿತು. ಮನೆಗೆ ಬಂದ ದಿನ ಆಯಿ ಹೊಸ ದಾರ ತಂದಳು. "ನೀರಾಗ ಕುದಿಸೀನಿ," ಎಂದಳು ಮೆತ್ತಗೆ. ಕಟ್ಟುವುದಾದರೂ ಎಲ್ಲಿ? ಕೈಯಲ್ಲಿ, ಕಾಲಲ್ಲಿ, ಎಲ್ಲ ಕಡೆ ಸೂಜಿ ಚುಚ್ಚಿದ ನೀಲಿ ಗುರುತು. ಆಯಿ ದಾರವನ್ನು ತೊಟ್ಟಿಲಿಗೆ ಕಟ್ಟಿದಳು.

"ಎತ್ತಕೋ ಬಾ ಮೋನಿ. ನಿನ್ನ ತಮ್ಮ ಅಲ್ಲೇನು?" ಎಂದು ಅವ್ವ ಕರೆದಳು.

ಮೋನಮ್ಮ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಎರಡೂ ಕೈ ತಿಕ್ಕಿದಳು. ಬೆರಳ ಸಂದಿ ತೊಳೆದಳು, ಉಗುರು ತೊಳೆದಳು. ಬಂದು ಅವ್ವನ ಪಕ್ಕ ಕೂತು ಕೈ ಚಾಚಿದಳು.

ಮತ್ತೆ ಎದ್ದು ಹೋಗಿ, ಎಡಗೈಯೊಂದನ್ನು ಇನ್ನೊಮ್ಮೆ ತೊಳೆದಳು.