ಜಿ.ಆರ್. ಅಂದರೆ ಯಾವ ಬಣ್ಣ?

ಇಂಜಿನ್ನಿನ ಹೊಟ್ಟೆಯಿಂದ ಹೊಗೆ ಬಂತು.

ಆಟಿಕೆ ಇಂಜಿನ್ನು, ಗೇಣುದ್ದದ್ದು. ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ರಾಮಸ್ವಾಮಿ ಅದನ್ನು ಹಳಿ ಮೇಲಿಟ್ಟು, ದೇವರ ಹೆಸರು ಹೇಳಿ ಗುಂಡಿ ಒತ್ತಿದರು. ಇಂಜಿನ್ನು ನಾಲ್ಕು ಬೆರಳು ಮುಂದೆ ಸರಿಯಿತು. ದೀಪ ಹತ್ತಲಿಲ್ಲ. ಚುರ್ರ್ ಅಂದಿತು. ನಿಂತಿತು.

“ಹೋಯ್ತು! ಮೂರು ಗಂಟೆಗೆ ಮಾಲು ಕೊಳ್ಳೋ ಜರ್ಮನಿಯವನು ಬರ್ತಾನೆ. ಅವನಿಗೇನು ತೋರಿಸ್ಲಿ? ನನ್ನ ಮುಖಾನಾ?”

ಇದು ತೊಂಬತ್ತೊಂದನೇ ಇಸವಿಯ ಮಾತು. ಅಂಧೇರಿಯ ಸೀಪ್ಜ್, ಅಂದರೆ ಬೇಲಿ ಹಾಕಿದ ರಫ್ತು ವಲಯ. ಒಳಗೆ ಬರಲು ಪಾಸು ಬೇಕು. ಹೊರಗೆ ಹೋಗುವಾಗ ಗೇಟಿನಲ್ಲಿ ಕಸ್ಟಮ್ಸ್‌ನವರು ಊಟದ ಡಬ್ಬಿಯ ತಳವನ್ನೂ ತಟ್ಟಿ ನೋಡುತ್ತಾರೆ. ಅಲ್ಲಿ ಎರಡನೇ ಮಹಡಿಯ ಈ ಸಣ್ಣ ಕಂಪನಿ ಡಿಕೋಡರ್ ತಯಾರಿಸುತ್ತಿತ್ತು. ಡಿಕೋಡರ್ ಅಂದರೆ ಅಂಚೆಚೀಟಿ ಗಾತ್ರದ ಒಂದು ಬೋರ್ಡು. ಅದು ಇಂಜಿನ್ನಿನೊಳಗೆ ಕೂತು, ಹಳಿಯಲ್ಲಿ ಬರುವ ಅಪ್ಪಣೆ ಕೇಳಿಸಿಕೊಂಡು ಮೋಟಾರು ಓಡಿಸುತ್ತದೆ, ದೀಪ ಹತ್ತಿಸುತ್ತದೆ. ಮುಂದೆ ಹೋದರೆ ಮುಂದಿನ ದೀಪ, ಹಿಂದೆ ಬಂದರೆ ಹಿಂದಿನದು. ಈ ಹೊಸ ಮಾದರಿಯವು ಮೂರೇ ಮೂರು ತಯಾರಾಗಿದ್ದವು. ಎರಡರಲ್ಲಿ ದೀಪ ಹತ್ತದೆ ರಿಜೆಕ್ಟ್ ಆಗಿದ್ದವು. ಸರಿಯಿದ್ದದ್ದು ಇದೊಂದೇ.

“ವೈರಿಂಗ್ ನೀಲಾಬಾಯಿದು ಸಾರ್,” ಅಂದ ಟೆಸ್ಟಿಂಗ್ ಇಂಜಿನಿಯರ್ ಸತ್ಯಮೂರ್ತಿ. ಕೇಳುವ ಮೊದಲೇ ಅಂದ. ಬೆಂಗಳೂರಿನವನು, ಸೇರಿ ಎರಡು ತಿಂಗಳು. ಪಕ್ಕದಲ್ಲಿದ್ದ ರಮಾಮಣಿಯ ಕಡೆ ಕೈಚಾಚಿದ. “ನಿಮ್ಮ ಮೀಟರ್ ಕೊಡಿ ಮೇಡಂ. ನಂದು ಕೆಟ್ಟಿದೆ, ಸಂಜೆ ರಿಪೇರಿಗೆ ಒಯ್ತೀನಿ. ಗೇಟ್‌ಪಾಸೂ ಮಾಡಿಸಿದೀನಿ.”

ಕರೆಂಟು ಅಳೆಯುವ ಆ ಮೀಟರಿನ ಎರಡು ಕಡ್ಡಿಗಳನ್ನು ಗಾಲಿಗೆ ಮುಟ್ಟಿಸಿದ. “ಶಾರ್ಟ್ ಆಗಿದೆ. ವೈರ್ ತಪ್ಪು ಹಾಕಿದಾಳೆ. ಬಿಚ್ಚಿ ನೋಡೋದೇ ಬೇಡ ಸಾರ್.”

ರಾಮಸ್ವಾಮಿ ಸೀದಾ ಹೊರಗಿನ ಹಾಲಿಗೆ ನುಗ್ಗಿದರು. ಅರವತ್ತು ಹೆಂಗಸರು ಬೆಸುಗೆ ಹಾಕುತ್ತಾ ಕೂತಿದ್ದರು. ಅವರೆಲ್ಲರ ಎದುರಿಗೇ ನೀಲಾಬಾಯಿಯ ಕೊರಳಿನಿಂದ ಪಾಸು ಕಿತ್ತುಕೊಂಡರು.

“ನಾ ಸರಿ ಹಚ್ಚೀನ್ರಿ ಸಾಹೇಬ್ರ!” ನೀಲಾಬಾಯಿ ಎದ್ದು ನಿಂತಳು. “ನಿನ್ನಿ ರಮಾಮಣಿ ಅಕ್ಕಾರ ಓಡಿಸಿ ನೋಡ್ಯಾರ, ಕೇಳ್ರಿ ಅವರ್ನ.”

“ಸಂಜೆ ಗೇಟಿಗೆ ರಿಪೋರ್ಟ್ ಹೋಗತ್ತೆ. ಅಷ್ಟೇ.”

ಗೇಟಿಗೆ ರಿಪೋರ್ಟ್ ಹೋಯಿತೆಂದರೆ ಮುಗಿಯಿತು. ಆಮೇಲೆ ಈ ಬೇಲಿಯೊಳಗಿನ ಯಾವ ಕಂಪನಿಯೂ ಹತ್ತಿರ ಸೇರಿಸದು. ಭಾಂಡುಪಿನ ಚಾಳಿನ ಒಂಟಿ ಕೋಣೆಯಲ್ಲಿ ಮೂರು ಮಕ್ಕಳು, ಸೊಂಟ ಮುರಿದು ಮಲಗಿದ ಗಂಡ. ಈ ಹೆಂಗಸಿಗೆ ಆ ಪಾಸೇ ಅನ್ನ.

* * *

ರಮಾಮಣಿ ಕಂಪನಿಯ ಕ್ವಾಲಿಟಿ ಇನ್‌ಸ್ಪೆಕ್ಟರ್. ಮೈಸೂರಿನವರು, ಸಾಂತಾಕ್ರೂಜಿನಲ್ಲಿ ಮನೆ, ನಲವತ್ತೇಳು ವಯಸ್ಸು, ಕಡ್ಡಿ ಮುರಿದ ಹಾಗೆ ಮಾತು. ಅವರಿಗೆ ಸಿಟ್ಟು ನೆತ್ತಿಗೇರಿತ್ತು. ನಿನ್ನೆ ಸಂಜೆ ಐದೂವರೆಗೆ ಆ ಇಂಜಿನ್ನನ್ನು ಓಡಿಸಿ, ಎರಡೂ ದೀಪ ನೋಡಿ, ಕೈಯಾರೆ ಟೆಸ್ಟಿಂಗ್ ರೂಮಿನ ಬೀರುವಿನಲ್ಲಿಟ್ಟವರು ಅವರೇ. ಬೀರುವಿನ ಬೀಗದ ಕೈ ಗೋಡೆಯ ಮೊಳೆಗೇ ನೇತಾಡುತ್ತಿರುತ್ತದೆ. ಯಾರು ಬೇಕಾದರೂ ತೆಗೆಯಬಹುದು.

‘ಬಿಚ್ಚೋದೇ ಬೇಡ’ ಅಂದನಲ್ಲ, ಅದಕ್ಕೇ ಬಿಚ್ಚಿದರು.

ಒಳಗೆ ಮೋಟಾರಿನ ತುದಿಗೆ ಹಸಿರು ವೈರು ಬೆಸೆದಿತ್ತು. ಅಲ್ಲಿರಬೇಕಾದದ್ದು ಬೂದು ವೈರು. ಹಸಿರು ಈ ಇಂಜಿನ್ನಿಗೆ ಬೇಕಾಗಿಯೇ ಇಲ್ಲ, ಅದನ್ನು ಮಡಿಸಿ ಟೇಪು ಸುತ್ತಿ ಬಿಡುತ್ತಾರೆ. ಇಲ್ಲಿ ಬೂದು ವೈರಿಗೆ ಟೇಪು ಸುತ್ತಿತ್ತು.

ಭೂತಗನ್ನಡಿ ಹಿಡಿದು ಬೋರ್ಡು ಮಗುಚಿದರು. ಹಿಂಬದಿಯ ಮೂಲೆಯಲ್ಲಿ ಕೆರೆದ ಗುರುತು. ಕೆರೆದ ಸಂದಿನಲ್ಲಿ ಒಂದಿಷ್ಟು ಕೆಂಪು.

ನೇಲ್ ಪಾಲಿಶ್! ರಿಜೆಕ್ಟ್ ಆದ ಬೋರ್ಡಿಗೆ ರಮಾಮಣಿ ಇಡುವ ಬೊಟ್ಟು ಅದು. ರಿಜೆಕ್ಟ್ ಡಬ್ಬ ತೆಗೆದು ನೋಡಿದರು. ಎರಡಿರಬೇಕಾದಲ್ಲಿ ಒಂದೇ ಇತ್ತು.

ಅಂದರೆ ಸುಟ್ಟದ್ದು ಸರಿಯಿದ್ದ ಆ ಡಿಕೋಡರೇ ಅಲ್ಲ. ಅದನ್ನು ಯಾರೋ ಹಾರಿಸಿ, ಜಾಗಕ್ಕೆ ಕೆಟ್ಟದ್ದನ್ನು ತುರುಕಿದ್ದಾರೆ.

* * *

ಮಹಡಿಯ ವಾಚ್‌ಮನ್ ಈರಣ್ಣ ಮೆಟ್ಟಿಲ ಬಳಿ ಕೂತಿದ್ದ.

“ನಿನ್ನೆ ಐದೂವರೆ ಆದ್ಮೇಲೆ ಟೆಸ್ಟಿಂಗ್ ರೂಮಿಗೆ ಯಾರು ಹೋದ್ರು ಈರಣ್ಣ?”

ಈರಣ್ಣ ತಲೆ ಕೆರೆದುಕೊಂಡ. “ನೀಲಾಬಾಯಿ ಹೊಳ್ಳಿ ಬಂದಿದ್ಲ್ರಿ. ಡಬ್ಬಿ ಮರತೀನಿ ಅಂದ್ಲು.”

“ಎಷ್ಟು ಹೊತ್ತಿದ್ಲು?”

“ನಾ ಬೀಡಿ ಹಚ್ಚೂದ್ರಾಗ ಬಂದೇಬಿಟ್ಲು. ಹಿಂಗ ಹೋಗಿ ಹಿಂಗ ಬಂದ್ಲು.”

ಒಂದು ಬೋರ್ಡು ಬಿಚ್ಚಿ ಇನ್ನೊಂದನ್ನು ಬೆಸೆಯಲು ಎಷ್ಟೇ ಚುರುಕಿನ ಕೈಗೂ ಅರ್ಧ ಗಂಟೆ ಬೇಕು. ಅಂದರೆ ಅವಳಲ್ಲ.

“ಮತ್ಯಾರಿದ್ರು?”

“ಇಬ್ಬರೂ ಸಾಹೇಬ್ರು ಬ್ಯಾರೆ ಬ್ಯಾರೆ ಹೊತ್ತಿಗೆ ಒಳಗ ಹೋಗಿದ್ರು. ದೊಡ್ಡ ಸಾಹೇಬ್ರು, ಸಣ್ಣ ಸಾಹೇಬ್ರು. ಏಳಕ್ಕ ಕೆಳಗ ಇಳದ್ರು.”

ಸರಿ ಹೋಯಿತು! ಮ್ಯಾನೇಜರೂ ಉಂಟು, ಇಂಜಿನಿಯರೂ ಉಂಟು. ರಮಾಮಣಿ ತಮ್ಮ ಮೇಜಿಗೆ ಬಂದು ಕೂತರು. ಒಂದು ಕಡೆ ಹಸಿರು ವೈರು. ಇನ್ನೊಂದು ಕಡೆ ಇಂಜಿನ್ನಿನ ಜೊತೆ ಜರ್ಮನಿಯಿಂದ ಬಂದ ಡ್ರಾಯಿಂಗು. ಅದರಲ್ಲಿ ಮೋಟಾರಿನ ತುದಿಗೆ ಎರಡೇ ಅಕ್ಷರ: ಜಿ.ಆರ್.

ಎರಡು ನಿಮಿಷ ದಿಟ್ಟಿಸಿದರು. ಆಮೇಲೆ ನಕ್ಕುಬಿಟ್ಟರು. ಎಂಥ ಬೆಪ್ಪು!

* * *

ಮಧ್ಯಾಹ್ನ ಒಂದು ಗಂಟೆ. ಟೆಸ್ಟಿಂಗ್ ರೂಮಿಗೆ ರಾಮಸ್ವಾಮಿಯವರನ್ನೂ ಸತ್ಯಮೂರ್ತಿಯನ್ನೂ ಕರೆದರು. ನೀಲಾಬಾಯಿ ಬಾಗಿಲ ಬಳಿ ನಿಂತಳು. ಅತ್ತು ಅತ್ತು ಕಣ್ಣು ಊದಿದ್ದವು.

“ಸತ್ಯಮೂರ್ತಿಯವರೇ, ಇನ್ನೊಂದು ರಿಜೆಕ್ಟ್ ಬೋರ್ಡಿದೆ. ಅದನ್ನೇ ಹೇಗೋ ಸರಿಮಾಡಿ ಹಾಕೋಣ. ಈ ಡ್ರಾಯಿಂಗ್ ನೋಡಿ, ಯಾವ ವೈರು ಎಲ್ಲಿ ಅಂತ ಇಟ್ಟುಕೊಡಿ. ಈ ಹೆಂಗಸರನ್ನ ನಂಬೋಕಾಗಲ್ಲ.”

“ಅದಕ್ಕೇನು ಮೇಡಂ!” ಸತ್ಯಮೂರ್ತಿ ಹುರುಪಿನಿಂದ ಕೂತ. ಕೆಂಪು, ಕಪ್ಪು, ಕಿತ್ತಳೆ ಟಪಟಪನೆ ಜೋಡಿಸಿದ. ಜಿ.ಆರ್. ಬಂತು. ಹಸಿರು ವೈರನ್ನು ಮೋಟಾರಿಗೆ ತಾಗಿಸಿಟ್ಟ.

“ಅಯ್ಯೋ, ಅದಲ್ಲರೀ!” ರಾಮಸ್ವಾಮಿ ತಡೆಯಲಾರದೆ ಅಂದರು. “ಜರ್ಮನಿಯವರಿಗೆ ಜಿ.ಆರ್. ಅಂದ್ರೆ ಗ್ರೌ, ಬೂದು. ಹಸಿರಿಗೆ ಜಿ.ಎನ್. ಬರೀತಾರೆ. ನಾನಲ್ಲಿ ಆರು ತಿಂಗಳು ಟ್ರೇನಿಂಗ್ ಮಾಡಿಲ್ವೇ?”

“ನೀವು ಮಾಡಿದೀರಿ ಸಾರ್. ಅದಕ್ಕೇ ಈ ತಪ್ಪು ನೀವು ಮಾಡೋ ಹಾಗಿಲ್ಲ.” ರಮಾಮಣಿ ಸುಟ್ಟ ಇಂಜಿನ್ನಿನ ಮುಚ್ಚಳ ತೆಗೆದರು. “ಇಲ್ನೋಡಿ. ಇಲ್ಲೂ ಹಸಿರೇ.”

ರಾಮಸ್ವಾಮಿ ಬಗ್ಗಿ ನೋಡಿದರು. ಸತ್ಯಮೂರ್ತಿ ನೋಡಲಿಲ್ಲ.

“ನೀಲಾಬಾಯಿ ಮಾಡಿರಬಹುದಲ್ಲ?” ಅಂದ. ದನಿ ಇಳಿದಿತ್ತು.

“ನೀಲಾಬಾಯಿ, ನೀನು ಏನು ನೋಡಿ ವೈರ್ ಹಾಕ್ತೀಯ? ಹೇಳು.”

ನೀಲಾಬಾಯಿ ತನ್ನ ಮೇಜಿನಿಂದ ಒಂದು ರಟ್ಟು ತಂದಳು. ಅದರ ಮೇಲೆ ಇಂಜಿನ್ನಿನ ಚಿತ್ರ. ಪ್ರತಿ ಜಾಗದಲ್ಲೂ ಅಲ್ಲಲ್ಲಿಗೆ ಸಲ್ಲುವ ನಿಜವಾದ ವೈರಿನ ತುಂಡು ಅಂಟಿಸಿತ್ತು. ಅಕ್ಷರ ಒಂದೂ ಇರಲಿಲ್ಲ.

“ಅಕ್ಕಾರ ಮಾಡಿಕೊಟ್ಟಾರ್ರಿ. ನನಗ ಓದಾಕ ಬರೂದಿಲ್ಲ.”

“ಕೇಳಿದ್ರಾ ಸಾರ್? ಇವಳಿಗೆ ಎ ಬಿ ಸಿ ಡಿ ಗೊತ್ತಿಲ್ಲ. ಜಿ.ಆರ್. ನೋಡಿ ಗ್ರೀನ್ ಅಂದ್ಕೊಳ್ಳೋಕೆ ಇಂಗ್ಲಿಷ್ ಬರಬೇಕು, ಜರ್ಮನ್ ಬರಬಾರದು. ನಿನ್ನೆ ಏಳರ ತನಕ ಇಲ್ಲಿದ್ದವರಲ್ಲಿ ಅಂಥವರು ಒಬ್ಬರೇ. ರಿಜೆಕ್ಟ್ ಬೋರ್ಡು ಹಾಕಿದರೆ ಇಂಜಿನ್ನು ಓಡತ್ತೆ, ದೀಪ ಹತ್ತಲ್ಲ, ನೀಲಾಬಾಯಿ ತಲೆಗೆ ಕಟ್ಟಬಹುದು ಅಂತ ಲೆಕ್ಕ. ಹಸಿರು ವೈರು ಕೈಕೊಟ್ಟಿತು, ಹೊಗೆ ಬಂತು.”

“ಹಾಗಾದ್ರೆ ಅಸಲಿ ಬೋರ್ಡೆಲ್ಲಿ?” ರಾಮಸ್ವಾಮಿಯ ಮುಖ ಕೆಂಪೇರಿತ್ತು.

“ಸಾಮಾನಿಗೆ ಗೇಟ್‌ಪಾಸು ಇರೋದು ಇವತ್ತಿಗೆ. ಅದಕ್ಕೇ ನಿನ್ನೆ ಆಚೆ ಹೋಗಿಲ್ಲ. ಇವತ್ತು ನಿಮ್ಮ ಸಹಿ ಇಟ್ಟುಕೊಂಡು ಹೊರಗೆ ಹೋಗೋ ಸಾಮಾನು ಯಾವುದು ಸಾರ್?”

ರಾಮಸ್ವಾಮಿ ಸತ್ಯಮೂರ್ತಿಯ ಡ್ರಾಯರ್ ಎಳೆದು, ಕೆಟ್ಟುಹೋದ ಮೀಟರಿನ ಬೆನ್ನು ಬಿಚ್ಚಿದರು. ಬ್ಯಾಟರಿ ಇರಲಿಲ್ಲ. ಬ್ಯಾಟರಿಯ ಜಾಗದಲ್ಲಿ ಹತ್ತಿ ಸುತ್ತಿದ ಡಿಕೋಡರ್ ಇತ್ತು.

ಸತ್ಯಮೂರ್ತಿ ಬಾಯಿಬಿಟ್ಟ. ಇನ್ನೊಂದು ಕಂಪನಿಯವರು ಈ ಬೋರ್ಡು ತಂದರೆ ಮ್ಯಾನೇಜರ್ ಮಾಡುತ್ತೇವೆ ಅಂದಿದ್ದರಂತೆ. ಇವತ್ತು ಮೂರರ ಮೇಲೆ ಅದು ಜರ್ಮನಿಯವನ ಚೀಲ ಸೇರಿಬಿಡುತ್ತಿತ್ತು, ಅದಕ್ಕೇ ನಿನ್ನೆಯೇ ಕೈಹಾಕಿದೆ ಅಂದ. ಕೇಳುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಈರಣ್ಣ ಅವನನ್ನು ಸೆಕ್ಯುರಿಟಿ ಆಫೀಸಿಗೆ ಕರೆದೊಯ್ದ.

ಗಂಟೆ ಒಂದೂ ಮುಕ್ಕಾಲು.

“ನೀಲಾಬಾಯಿ, ಬೇಗ ಬಾರಮ್ಮ! ಇದನ್ನ ಹಾಕಿಬಿಡು, ಟೈಮಿಲ್ಲ,” ರಾಮಸ್ವಾಮಿ ಜೇಬಿನಿಂದ ಪಾಸು ತೆಗೆದು ಚಾಚಿದರು. “ತಗೋ, ತಗೋ.”

ನೀಲಾಬಾಯಿ ಕೈಚಾಚಲಿಲ್ಲ.

“ಹಾಲಿನಾಗ ಎಲ್ಲಾರ ಮುಂದ ಕಸಗೊಂಡ್ರಿ ಸಾಹೇಬ್ರ. ಇಲ್ಲಿ ಬಾಗಲಾ ಹಾಕ್ಕೊಂಡು ಕೊಟ್ರ ಹ್ಯಾಂಗ?”

ರಾಮಸ್ವಾಮಿ ಗಡಿಯಾರ ನೋಡಿದರು. ರಮಾಮಣಿಯ ಮುಖ ನೋಡಿದರು. ಅಲ್ಲಿಂದ ಏನೂ ಸಹಾಯ ಸಿಗಲಿಲ್ಲ. ಹಾಲಿಗೆ ನಡೆದರು. ಅರವತ್ತು ತಲೆ ಮೇಲೆದ್ದವು.

“ಗಲತೀ ಇನಕೀ ನಹೀ ಥೀ,” ಅಂದರು ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ. ಕೆಮ್ಮಿದರು. “ಮೇರೀ ಥೀ.” ತಪ್ಪು ಇವರದಲ್ಲ, ನನ್ನದು ಅಂತ.

ನೀಲಾಬಾಯಿ ಎರಡೂ ಕೈಯಲ್ಲಿ ಪಾಸು ಇಸಿದುಕೊಂಡು ಕೊರಳಿಗೆ ಹಾಕಿಕೊಂಡಳು. ಆಮೇಲೆ ತನ್ನ ಜಾಗದಲ್ಲಿ ಕೂತು ಬೆಸುಗೆ ಕಡ್ಡಿಯ ಸ್ವಿಚ್ಚು ಒತ್ತಿದಳು.