ಒಂದು ಗಂಟೆ ಹಿಂದಿನ ದ್ವೀಪ

"ಈಗ ಬಂದ್ಯಾ? ಇನ್ನೂ ಸ್ವಲ್ಪ ನಿದ್ದೆ ಮಾಡ್ಕೊಂಡು ಬರಬಹುದಿತ್ತಲ್ಲ!"

ವಿಮಾನ ನಿಲ್ದಾಣದ ಬಾಗಿಲಲ್ಲೇ ಅವಳು ಸಿಡಿದಳು. ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ನಗುತ್ತ ಬಂದವನ ಮುಖ ಸಪ್ಪಗಾಯಿತು.

"ಅಪ್ಪ ಹತ್ತು ಗಂಟೆಯಿಂದ ನಿನಗೋಸ್ಕರ ಕಾದು ಕಾದು ಈಗಷ್ಟೇ ಎದ್ದು ಹೋದ್ರು. ಇಂಥವನಿಗೆ ಮಗಳನ್ನ ಕೊಡಲ್ಲ ಅಂದ್ರು. ನನಗೂ ನೀನು ಬೇಡ!"

"ಒಂದು ನಿಮಿಷ, ನಾನು..."

"ಒಂದು ಮಾತೂ ಬೇಡ!"

ಲಗೇಜು ಹೊರುವವರೆಲ್ಲ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ.

ಅವಳು ಇದೇ ನಿಲ್ದಾಣದ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವಳು. ಅವನು ಆಚೆ ದ್ವೀಪದಲ್ಲಿ ವಿಮಾನದ ಮೆಕ್ಯಾನಿಕ್. ನಡುವೆ ನೂರೆಂಬತ್ತು ಕಿಲೋಮೀಟರ್ ಸಮುದ್ರ, ವಿಮಾನದಲ್ಲಿ ಬರೀ ಅರ್ಧ ಗಂಟೆಯ ದಾರಿ. ಆದರೆ ಅವನ ದ್ವೀಪದ ಗಡಿಯಾರ ಒಂದು ಗಂಟೆ ಹಿಂದೆ! ಕೋಪ ಬಂದಾಗ ಇಂಥ ಲೆಕ್ಕ ಯಾರಿಗೆ ನೆನಪಿರುತ್ತದೆ ಹೇಳಿ?

ಮರುದಿನ ಅತ್ತು ಊದಿದ ಕಣ್ಣಲ್ಲೇ ಅವಳು ಕೌಂಟರಿಗೆ ಬಂದಳು. ಒಬ್ಬ ಅಜ್ಜಿ ಟಿಕೆಟ್ ಹಿಡಿದು ಕೇಳಿದರು.

"ಹತ್ತಕ್ಕೆ ಹೊರಟು ಒಂಬತ್ತೂವರೆಗೆ ಇಳಿಯೋದಾ? ತಮಾಷೆ ಮಾಡ್ತಿದ್ದೀಯೇನಮ್ಮ?"

"ಅಲ್ಲಿನ ಗಡಿಯಾರ ಹಿಂದೆ ಇದೆ ಅಜ್ಜಿ. ನಮ್ಮ ಹತ್ತು ಅಂದ್ರೆ ಅವರ..."

ಅವಳ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಅಯ್ಯೋ... ಅವರ ಒಂಬತ್ತು!

'ನಿನ್ನ ಗಡಿಯಾರದ ಸಮಯಾನೇ ಹೇಳ್ತೀನಿ, ನೀನು ತಲೆ ಕೆಡಿಸ್ಕೋಬೇಡ.' ಪ್ರೀತಿಯ ಹೊಸದರಲ್ಲಿ ಅವನಿಗೆ ತಾನೇ ಕೊಟ್ಟ ಮಾತು. ಇಷ್ಟು ದಿನ ಹಾಗೇ ಹೇಳುತ್ತಿದ್ದಳು. ಮೊನ್ನೆ ಮಾತ್ರ ಗಡಿಬಿಡಿಯಲ್ಲಿ ಅಪ್ಪ ಹೇಳಿದ ಹತ್ತನ್ನು ಹಾಗೆಯೇ ದಾಟಿಸಿದ್ದಳು. ಅವನು ತನ್ನ ಹತ್ತಕ್ಕೆ ಸರಿಯಾಗಿ ಬಂದಿದ್ದ. ಇಲ್ಲಿ ಹನ್ನೊಂದಾಗಿತ್ತು.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. 'ದಿನಾ ಊರಿಗೆಲ್ಲ ಇದನ್ನೇ ಹೇಳೋಳು ನಾನು... ಎಲ್ಲರೆದುರು ಅವನ ಮಾನ ಕಳೆದೆನಲ್ಲ! ಭೂಮಿ ಬಾಯಿ ಬಿಡಬಾರದಾ?'

ಅಜ್ಜಿಯ ಹಿಂದೆ ಅವನೇ ನಿಂತಿದ್ದ! ನಿನ್ನೆ ವಾಪಸ್ ಹೋಗಲು ಸೀಟು ಸಿಗದೆ ಬೆಂಚಿನ ಮೇಲೆ ಮಲಗಿದ್ದ. ನೀಲಿ ಅಂಗಿ ಮುದ್ದೆಯಾಗಿತ್ತು. ಅವಳ ಮುಖ ನೋಡದೆ ಟಿಕೆಟ್ ಮುಂದಿಟ್ಟ.

"ತಪ್ಪು ನಂದು..." ಅವಳು ಟಿಕೆಟ್ ಮುಟ್ಟದೆ ಹೇಳಿದಳು. "ನಿನ್ನೆನೇ ಯಾಕೆ ಹೇಳಲಿಲ್ಲ?"

"ಹೇಳೋಕೆ ಬಿಟ್ಯಾ ನೀನು?"

ಅವಳ ಕಣ್ಣು ತುಂಬಿತು. ಲಗೇಜಿನವರಿಗೆಲ್ಲ ಕೇಳುವಂತೆ, ಅಲ್ಲೇ ನಿಂತು ಫೋನ್ ಮಾಡಿದಳು.

"ಅಪ್ಪಾ, ಅವನು ತಡ ಮಾಡಿಲ್ಲ. ಸಮಯ ತಪ್ಪು ಹೇಳಿದ್ದು ನಾನು. ಅವನಿಗೆ ಬೈದು ಅವಮಾನ ಮಾಡಿದ್ದೂ ನಾನೇ."

ಆ ಕಡೆಯಿಂದ ಅಪ್ಪನ ದನಿ ಬಂತು.

"ನಿನ್ನನ್ನ ಕೌಂಟರಲ್ಲಿ ಕೂರಿಸಿದ್ದಾರಲ್ಲ, ಅವರಿಗೊಂದು ದೊಡ್ಡ ನಮಸ್ಕಾರ! ಅವನನ್ನ ಮನೆಗೆ ಕರ್ಕೊಂಡು ಬಾ. ನಾನೂ ದುಡುಕಿದೆ."

ಅವಳು ಫೋನ್ ಇಟ್ಟು ಮೆಲ್ಲಗೆ ತಲೆಯೆತ್ತಿದಳು.

"ಕ್ಷಮಿಸ್ತೀಯಾ? ಆಗಲ್ಲ ಅಂದ್ರೆ... ಪಾಸ್ ಕೊಡ್ತೀನಿ."

ಅವನು ಟಿಕೆಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಎಷ್ಟು ಗಂಟೆಗೆ ಬರ್ಲಿ ಮನೆಗೆ? ಯಾರ ಗಡಿಯಾರದಲ್ಲಿ?"

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

"ಗಡಿಯಾರದ ಸಹವಾಸವೇ ಬೇಡ. ಇಲ್ಲೇ ಕೂತಿರು, ಡ್ಯೂಟಿ ಮುಗಿದ ತಕ್ಷಣ ನಾನೇ ಕರ್ಕೊಂಡು ಹೋಗ್ತೀನಿ."

"ಮತ್ತೆ ಅದೇ ಬೆಂಚಾ?"

"ಹೂಂ... ಪಕ್ಕದಲ್ಲಿ ನಂಗೂ ಸ್ವಲ್ಪ ಜಾಗ ಇಟ್ಟಿರು."