ಉಸಿರು ಕಟ್ಟಿಸಿದ ಹೊಲಿಗೆ

"ಒಂದು ಹೀಟರ್‌ಗೆ ಅರ್ಧ ಚಳಿಗಾಲ ನುಂಗಿ ನೀರು ಕುಡಿದೆಯಲ್ಲೋ ಆಮೆ! ಕೊನೆಗೆ ಆಗಿದ್ದೇನು? ಆ ಗಾಜು ನೋಡು! ನಿನ್ನ ಮುಖಾನಾದ್ರೂ ಕಾಣ್ತಿದೆಯಾ?"

ಯಜಮಾನ ಅಣ್ಣ ಹಳೇ ಕಾರಿನ ಬಾನೆಟ್ ಮೇಲೆ ಗುದ್ದಿದ ಸದ್ದಿಗೆ ಇಡೀ ಗ್ಯಾರೇಜು ಬೆಚ್ಚಿತು.

ಕಾರಿನ ಮುಂದಿನ ಗಾಜು ಒಳಗಿನಿಂದ ಬೆಳ್ಳಗೆ ಮಂಜು ಹಿಡಿದು ಕೂತಿತ್ತು. ಅದು ಮೆಕ್ಯಾನಿಕ್‌ನದೇ ಪರೀಕ್ಷೆ; ಅವನ ನಿಧಾನಕ್ಕೆ ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಆಮೆ ಅನ್ನುತ್ತಿದ್ದರು. ಕುದಿಯುವ ನೀರಿನ ಕೆಟಲ್ ಕಾರಿನೊಳಗಿಟ್ಟು, ಬಾಗಿಲು ಮುಚ್ಚಿ, ಗಾಜಿಗೆ ಆವಿ ಕಟ್ಟಿಸುವುದು. ಆಮೇಲೆ ಹೀಟರ್ ಹಾಕುವುದು. ಬಿಸಿಗಾಳಿ ಗಾಜಿನ ಬುಡದಿಂದ ಮೇಲೆದ್ದು ಮಂಜನ್ನು ಒರೆಸಿ ಹಾಕಬೇಕು.

ಇಂದು ಹಾಗಾಗಲಿಲ್ಲ. ಕಾಲ ಬುಡ ಬೆಚ್ಚಗಾಯಿತು, ಗಾಜು ಮಾತ್ರ ಹಾಗೇ ಇತ್ತು. ಅದೂ ಗಾಡಿಯ ಒಡತಿ ಡಾಕ್ಟರಮ್ಮನ ಕಣ್ಣೆದುರಿಗೇ!

"ಅಣ್ಣಾ, ಒಂದು ನಿಮಿಷ..." ಆಮೆ ಎಂದ.

"ಇನ್ನೂ ಒಂದು ನಿಮಿಷನಾ?" ಈ ಸಲ ಕೂಗಿದ್ದು ಅಣ್ಣನಲ್ಲ, ಅವನ ತಂಗಿ ಪುಟ್ಟಿ. "ಡಾಕ್ಟರಮ್ಮ ಬೆಳಬೆಳಗ್ಗೆ ಒಂದು ಕೈಲಿ ಸ್ಟೀರಿಂಗ್, ಇನ್ನೊಂದು ಕೈಲಿ ಕರ್ಚೀಫು ಹಿಡ್ಕೊಂಡು ಆಸ್ಪತ್ರೆಗೆ ಹೋಗ್ತಾರೆ. ಅದು ಗೊತ್ತಿದ್ದೂ ಹೀಗೆ ಮಾಡಿದ್ಯಲ್ಲ! ಇಷ್ಟು ದಿನ ಬಿಚ್ಚಿದ್ದು, ತೊಳೆದಿದ್ದು, ಎಲ್ಲಾ ನಾಟಕನಾ?"

ಆಮೆ ಅವಳನ್ನು ನೋಡಿದ. ಆಮೇಲೆ ಕಾರಿನ ಡ್ಯಾಶ್‌ಬೋರ್ಡ್ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಹೋಗು, ಬೇರೆ ಕಡೆ ಕೆಲಸ ನೋಡ್ಕೋ," ಅಂದ ಅಣ್ಣ.

ಆಮೆ ಕೈ ಒರೆಸಿಕೊಂಡ. ತನ್ನ ಟೂಲ್ ಪೆಟ್ಟಿಗೆ ಎತ್ತಿಕೊಂಡ. ಹೊರಟೇ ಹೋದ.

ಅವಳು ಗೇಟಿನವರೆಗೂ ಅವನ ಬೆನ್ನನ್ನೇ ನೋಡಿದಳು.

ನಿಜ ಹೇಳಬೇಕೆಂದರೆ, ಅವಳಿಗೆ ಅಷ್ಟು ಸಿಟ್ಟು ಬಂದದ್ದು ಅವನನ್ನು ಅಷ್ಟು ಮೆಚ್ಚಿಕೊಂಡಿದ್ದಕ್ಕೇ. ಗ್ಯಾರೇಜಿನ ಮೂಲೆಯಲ್ಲಿ ಸೀಟು ಹೊಲಿಯುತ್ತ, ಸೂಜಿಯ ಕಡೆ ಅರ್ಧ ಕಣ್ಣು, ಅವನ ಕಡೆ ಒಂದೂವರೆ ಕಣ್ಣು ಇಟ್ಟಿದ್ದಳು ಅವಳು!

ಎಂಥ ಕೆಲಸ ಅವನದು! "ಹಳೇದು ಕಿತ್ತು ಬಿಸಾಕು, ಎರಡು ಕರೆಂಟ್ ಫ್ಯಾನ್ ಹಾಕಿ ಕೈ ತೊಳ್ಕೋ," ಎಂದು ಅಣ್ಣ ಹೇಳಿದರೂ ಕೇಳಿರಲಿಲ್ಲ. ಇಂಜಿನ್ನಿನ ಬಿಸಿನೀರನ್ನು ಹೀಟರಿಗೆ ಬಿಡುವ ಪುಟ್ಟ ನಲ್ಲಿ ತುಕ್ಕು ಹಿಡಿದು ಕಲ್ಲಾಗಿತ್ತು. ಒಂದೇ ಏಟಿಗೆ ಮುರಿದು ತೆಗೆಯಬಹುದಿತ್ತು. ಅವನು ದಿನಾ ಬೆಳಿಗ್ಗೆ ಅದಕ್ಕೆ ಹನಿ ಎಣ್ಣೆ ಬಿಟ್ಟು, ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ, "ನಾಳೆ ಬರ್ತಾಳೆ ಬಿಡಿ," ಅನ್ನುತ್ತಿದ್ದ, ಮುನಿಸಿಕೊಂಡ ಅತ್ತೆ ಮಗಳ ಬಗ್ಗೆ ಹೇಳಿದ ಹಾಗೆ. ಕೊನೆಗೊಂದು ದಿನ ಅದು ತಿರುಗಿಯೇಬಿಟ್ಟಿತು! ಹೀಟರಿನೊಳಗೆ ನೀರು ಹಾಯಿಸಿದಾಗ ಮೊದಲು ಬಂದದ್ದು ಕೆಂಪು ಕೆಸರು. ಅದು ಕುಡಿಯುವ ನೀರಿನಷ್ಟು ತಿಳಿಯಾಗುವವರೆಗೆ ಅವನು ಕೂತ ಜಾಗ ಬಿಟ್ಟೇಳಲಿಲ್ಲ.

*ಇಂಥವನು ಕೆಲಸ ಕೆಡಿಸ್ತಾನಾ?*

ಡಾಕ್ಟರಮ್ಮ ಆಫೀಸು ಕೋಣೆಗೆ ಹೋಗಿ ಕೂತರು. ಅವಳು ಗಾಜು ಒರೆಸಲೆಂದು ಕಾರಿನೊಳಗೆ ಕೂತಳು. ಇಂಜಿನ್ ಇನ್ನೂ ಓಡುತ್ತಿತ್ತು. ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದಳು.

ಬಿಸಿ!

ಒತ್ತಿದಳು. ರೆಕ್ಸಿನ್ ಒಳಗೆ ಹೋಯಿತು. ಕೈ ತೆಗೆದಳು. ಪೂರಿಯ ಹಾಗೆ ಉಬ್ಬಿ ಮೇಲೆ ಬಂತು!

ಅವಳು ಮತ್ತೆ ಒತ್ತಿ ನೋಡಿದಳು.

ಆ ರೆಕ್ಸಿನ್ ಹೊಲಿದು ಕೂರಿಸಿದ್ದು ಅವಳೇ. ಹರಿದ ಹಳೇ ಹೊದಿಕೆ ಕಿತ್ತಾಗ ಗಾಜಿನ ಬುಡದಲ್ಲಿ ಎರಡು ಉದ್ದನೆಯ ಸೀಳು ಕಂಡಿದ್ದವು. ಯಾವ ಕಾಲದಲ್ಲೋ ಯಾರೋ ಅವಕ್ಕೆ ಬಟ್ಟೆ ತುರುಕಿದ್ದರು. ಹಳೇ ಗಾಡಿ, ಸೀಳು ಬಿಟ್ಟಿದೆ ಅಂದುಕೊಂಡು, ಬಟ್ಟೆ ಕಿತ್ತು, ಮೇಲೆ ಸ್ಪಂಜು ಎಳೆದು, ಒಂದು ಸುಕ್ಕಿಲ್ಲದ ಹಾಗೆ ಹೊಲಿದಿದ್ದಳು. ಆಮೆ ಅವತ್ತು ಹೀಟರಿಗೆ ಬೆಸುಗೆ ಹಾಕಿಸಲು ಹೋಗಿದ್ದ. ಅವಳಿಗೆ ಸಿಕ್ಕ ಮೊದಲ ಪೂರ್ತಿ ಗಾಡಿ ಅದು! ಅಣ್ಣ ಬಂದ ಗಿರಾಕಿಗಳಿಗೆಲ್ಲ "ನಮ್ಮ ಪುಟ್ಟಿ ಕೈಕೆಲಸ," ಎಂದು ತೋರಿಸಿದ್ದ. ಅವಳೂ ದಿನಾ ಸವರಿ ನೋಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು!

ಗಾಳಿ ಹೊರಗೆ ಬರಬೇಕಾದ ಬಾಯನ್ನೇ ಅವಳು ಹೊಲಿದುಬಿಟ್ಟಿದ್ದಳು.

*ಅವನಿಗೆ ಗೊತ್ತಾಗಿತ್ತು... ಡ್ಯಾಶ್‌ಬೋರ್ಡ್ ನೋಡಿದ... ಆದ್ರೂ ಬಾಯಿ ಬಿಡಲಿಲ್ಲ!*

"ಅಣ್ಣಾ, ಬಾ ಇಲ್ಲಿ."

ಅಣ್ಣ ಬಂದ, ಒತ್ತಿ ನೋಡಿದ. ಮುಖ ಸಣ್ಣದಾಯಿತು. ಆಫೀಸಿನ ಕಡೆ ತಿರುಗಿ ನೋಡಿ ದನಿ ತಗ್ಗಿಸಿದ.

"ಸುಮ್ನಿರು ಪುಟ್ಟಿ. ಅವನು ಹೇಗೂ ಹೋಗಿಯಾಯ್ತು, ತಪ್ಪೂ ಅವನ ಜೊತೆನೇ ಹೋಗ್ಲಿ. ನಾಳೆ ಸದ್ದಿಲ್ಲದೆ ಸರಿ ಮಾಡು. ಗೊತ್ತಾದ್ರೆ ನಿನ್ನ ಕೈಗೆ ಯಾರಾದ್ರೂ ಗಾಡಿ ಕೊಡ್ತಾರಾ?"

"ಅವನ ಕೈಗೆ ಕೊಡ್ತಾರಾ?"

"ಅವನು ಹೊರಗಿನವನು ಕಣೇ!"

ಅವಳು ಬ್ಲೇಡ್ ತೆಗೆದುಕೊಂಡು ಗಟ್ಟಿಯಾಗಿ ಕರೆದಳು: "ಡಾಕ್ಟರಮ್ಮಾ! ಸ್ವಲ್ಪ ಬನ್ನಿ!"

ಅವರ ಎದುರಿಗೇ ತನ್ನ ಹೊಲಿಗೆಯನ್ನು ಉದ್ದಕ್ಕೆ ಸೀಳಿದಳು.

ಬುಸ್ಸೆಂದು ಬಿಸಿಗಾಳಿ ನುಗ್ಗಿತು! ಗಾಜಿನ ಬುಡದಲ್ಲಿ ಮೊದಲು ಒಂದು ಸಣ್ಣ ಗೆರೆ. ಗೆರೆ ಅಗಲವಾಯಿತು. ಗ್ಯಾರೇಜಿನ ಗೇಟು ಕಂಡಿತು, ರಸ್ತೆ ಕಂಡಿತು, ರಸ್ತೆಯಾಚೆಯ ಮರ ಕಂಡಿತು... ನೋಡುನೋಡುತ್ತಲೇ ಗಾಜು ತಿಳಿನೀರಿನಂತಾಯಿತು. ಆಹಾ, ಅವನ ಕೆಲಸವೇ!

"ತಪ್ಪು ನನ್ನದು ಡಾಕ್ಟರಮ್ಮ. ಅವನದು ಒಂಚೂರೂ ಇಲ್ಲ. ಈ ಬಾಯಿ ಮುಚ್ಚದ ಹಾಗೆ ಅಂಚನ್ನ ನಿಮ್ಮ ಮನೆಗೇ ಬಂದು ಹೊಲಿದುಕೊಡ್ತೀನಿ."

ಡಾಕ್ಟರಮ್ಮ ನಕ್ಕರು. "ಹೊಲಿಗೆ ಬಿಚ್ಚಿ ಮತ್ತೆ ಹಾಕೋದು ನನಗೇನು ಹೊಸದಾ? ಮೊದಲು ಆ ಹುಡುಗನ್ನ ಕರೀರಿ."

"ಯಾರೂ ಕರೆಯೋದು ಬೇಡ!" ಅಣ್ಣನಿಗೆ ಮಾನ ಹೋದ ಸಿಟ್ಟು. "ಅವನ ಹಿಂದೆ ಹೋಗೋದಾದ್ರೆ ಪುಟ್ಟಿ, ಹಾಗೇ ಹೋಗು, ಮತ್ತೆ ಬರಬೇಡ!"

"ಆಯ್ತು ಅಣ್ಣಾ."

ಅವಳು ತನ್ನ ಕತ್ತರಿ ಎತ್ತಿಕೊಂಡು ಗೇಟು ದಾಟಿದಳು.

ಆಮೆ ಎದುರಿನ ಬಸ್‌ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಗೊತ್ತಿತ್ತಾ ನಿನಗೆ?"

"ಕಾಲು ಬಿಸಿಯಾಗಿ ಗಾಜು ತಣ್ಣಗಿದ್ದಾಗಲೇ ಗೊತ್ತಾಯ್ತು."

"ಮತ್ತೆ ಬಾಯಿಗೆ ಬೀಗ ಯಾಕೆ?"

"ಗಿರಾಕಿ ಮುಂದೆ ಹೇಳಿದ್ರೆ ನಿಮ್ಮಣ್ಣ ಮತ್ತೆ ನಿಮ್ಮನ್ನ ಸೂಜಿ ಮುಟ್ಟೋಕೆ ಬಿಡ್ತಿದ್ರಾ? ನನಗೇನು, ಇನ್ನೊಂದು ಗ್ಯಾರೇಜು ಸಿಗುತ್ತೆ."

"ದೊಡ್ಡ ತ್ಯಾಗಿ! ಆ ಗಾಜಲ್ಲಿ ಅವರು ರಸ್ತೆಗಿಳಿದಿದ್ರೆ?"

ಅವನು ತಲೆ ತಗ್ಗಿಸಿದ. "ಅದಕ್ಕೇ, ಅವರೊಬ್ಬರಿಗೇ ಹೇಳೋಣ ಅಂತ ಅವರ ಮನೆ ಕಡೆ ಬಸ್ಸಿಗೆ ಕಾಯ್ತಿದ್ದೆ. ಒಂದು ಬಸ್ಸು ಬಂತು... ಹತ್ತಲಿಲ್ಲ."

"ಯಾಕೆ?"

"ವಾಪಸ್ ಬಂದು ನಿಮಗೆ ನಾಲ್ಕು ಬೈದು ಹೋಗೋಣ ಅನ್ನಿಸ್ತು. ಅಷ್ಟು ಸಿಟ್ಟು ಬಂದಿತ್ತು."

"ಬೈ ಹಾಗಾದ್ರೆ."

"ಈಗಲಾ?"

"ಈಗಲೇ!"

ಅವನು ಉಸಿರು ಎಳೆದುಕೊಂಡ. "ಎಂಥಾ ಹೊಲಿಗೆ ರೀ ಅದು! ಎಲ್ಲೂ ಒಂದೆಳೆ ಗಾಳಿ ಸೋರಲಿಲ್ಲ! ನನ್ನ ಜನ್ಮದಲ್ಲಿ ಅಂಥ ಹೊಲಿಗೆ ನೋಡಿಲ್ಲ!"

"ಇದು ಬೈಗುಳಾನಾ?"

"ನಿಮ್ಮನ್ನ ಬೈಯೋಕೆ ನನಗೆ ಇಷ್ಟೇ ಬರೋದು."

ಅವಳು ನಗಲು ಹೋದಳು, ಕಣ್ಣು ತುಂಬಿ ಬಂತು. "ನಿನ್ನ ಕೆಲಸ ನೋಡಿ ನೋಡಿ ಮರುಳಾದವಳು ಕಣೋ ನಾನು. ಇನ್ಮೇಲೆ ನನ್ನ ತಪ್ಪು ಕಂಡ್ರೆ ಮುಖಕ್ಕೇ ಹೇಳಬೇಕು. ಜೀವನ ಪೂರ್ತಿ."

"ಜೀವನ ಪೂರ್ತೀನಾ?"

"ಕಿವಿ ಕೇಳಿಸಲ್ವಾ?"

"ಕೇಳಿಸ್ತು... ಇನ್ನೊಂದು ಸಲ ಕೇಳೋ ಆಸೆ."

"ಜೀವನ ಪೂರ್ತಿ," ಎಂದಳು ಅವಳು ಮೆಲ್ಲಗೆ.

ಗೇಟಿನ ಬಳಿಯಿಂದ ಅಣ್ಣ ಕೂಗುತ್ತಿದ್ದ. "ಪುಟ್ಟೀ! ಸಿಟ್ಟಲ್ಲಿ ಏನೋ ಅಂದೆ ಕಣೇ! ಒಳಗೆ ಬಾ!"

ಅವಳು ತಿರುಗಿ ನೋಡಿದಳು. ಅಣ್ಣ ಕರೆದದ್ದು ಅವಳೊಬ್ಬಳನ್ನೇ. ಅಷ್ಟರಲ್ಲಿ ಬಸ್ಸು ಬಂತು. ಅವನು ಪೆಟ್ಟಿಗೆಯನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದ. ಅವಳು ಹಿಡಿದುಕೊಂಡು ಹತ್ತಿದಳು.

ಅಣ್ಣನ ಮನೆಗೆ ಅವಳು ಆಮೇಲೆ ಎಷ್ಟೋ ಸಲ ಬಂದುಹೋದಳು. ಆ ಗ್ಯಾರೇಜಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.